ವಾಸನೆಯ ನೆನಪು

ಮೂಗಿಗೆ ತಾಕಿದ ವಾಸನೆಯೊಂದು ತನ್ನ ಜೊತೆ ನಡೆದ ಸಂಗತಿಯ ಸಮೇತ ಮೆದುಳಿನಲ್ಲಿ ಉಳಿದು, ದಿನಗಳ, ವರ್ಷಗಳ, ಕೆಲವೊಮ್ಮೆ ಅರ್ಧ ಶತಮಾನದ ಬಳಿಕವೂ ಮರುಕಳಿಸುವುದಕ್ಕೆ ವಾಸನೆಯ ನೆನಪು ಎಂದು ಹೆಸರು. ಇದರೊಳಗೆ ಎರಡು ಬೇರೆ ಸಂಗತಿಗಳಿವೆ. ಒಂದು, ವಾಸನೆಯನ್ನೇ ಗುರುತು ಹಿಡಿಯುವ ನೆನಪು: ಇದನ್ನು ಹಿಂದೆ ಮೂಸಿದ್ದೇನೆ, ಇದು ಒಳ್ಳೆಯದು, ಇದರಿಂದ ದೂರ ಇರಬೇಕು ಎಂಬ ತಿಳಿವಳಿಕೆ. ಇನ್ನೊಂದು, ವಾಸನೆ ಎಬ್ಬಿಸುವ ನೆನಪು: ಲೋಬಾನದ ಹೊಗೆ ಮೂಗಿಗೆ ಬಡಿದೊಡನೆ ತವರಿನ ಬಾಣಂತಿ ಕೋಣೆ ಕಣ್ಣೆದುರು ನಿಲ್ಲುವ ಬಗೆ. ಜನ ಬೆರಗಿನಿಂದ ಹೇಳಿಕೊಳ್ಳುವುದು ಎರಡನೆಯದನ್ನು. ಪ್ರಯೋಗಶಾಲೆಗಳಲ್ಲಿ ಕೋಶಕೋಶವಾಗಿ ಬಿಡಿಸಿ ನೋಡಿರುವುದು ಹೆಚ್ಚಾಗಿ ಮೊದಲನೆಯದನ್ನು. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಲೇಖನದ ಉದಾಹರಣೆಗಳು ಆದಷ್ಟೂ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯವು. ನಿಜಾಮರ ಕಾಲದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಮರುವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶಕ್ಕೆ ಸೇರಿ, ಈಗ ತೆಲಂಗಾಣದಲ್ಲಿವೆ. ಕನ್ನಡ, ತೆಲುಗು, ದಖ್ಖನಿ ಒಂದೇ ಸಂತೆಯಲ್ಲಿ ಕೇಳಿಬರುವ ನಾಡು ಇದು. ಜಹೀರಾಬಾದಿಗೆ ಹತ್ತಿದಂತಿರುವ ಪಸ್ತಾಪುರ ಹೊರಜಗತ್ತಿಗೆ ಪರಿಚಿತವಾದದ್ದು ಬೀಜಗಳಿಂದ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದ ಪಿ.ವಿ. ಸತೀಶ್ (1945–2023) ಮತ್ತು ಗೆಳೆಯರು 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕೇಂದ್ರ ಇಲ್ಲಿದೆ. ಅದರ ಸಂಘಗಳ ಹೆಣ್ಣುಮಕ್ಕಳು, ಬಹುಪಾಲು ದಲಿತ ಕೃಷಿಕರು, ಜೋಳ, ನವಣೆ, ಸಾಮೆ, ತೊಗರಿ, ಕುಸುಬೆಯ ನಾಟಿ ತಳಿಗಳನ್ನು ಮನೆಯಲ್ಲೇ ಕಾಪಿಟ್ಟವರು. ಸೆಗಣಿ, ಮಣ್ಣು ಬಳಿದ ಬಿದಿರ ಬುಟ್ಟಿಯಲ್ಲಿ ಬೂದಿ, ಒಣ ಬೇವಿನೆಲೆ ಬೆರೆಸಿ ಬೀಜ ತುಂಬುವುದು ಅಲ್ಲಿನ ಪದ್ಧತಿ. ಅಂಥ ಬುಟ್ಟಿಯ ಬಾಯಿ ವರ್ಷಕ್ಕೊಂದೆರಡು ಸಲ ತೆರೆಯುತ್ತದೆ. ಕಾಳು ಮುಗ್ಗಿದೆಯೋ ನೆಟ್ಟಗಿದೆಯೋ ಎಂದು ಮೂಸಿ ನೋಡುವುದು ದಖ್ಖನಿನ ಒಕ್ಕಲು ಮನೆಗಳಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ. ವರ್ಷಕ್ಕೊಮ್ಮೆ ಸಿಗುವ ಇಂಥ ವಾಸನೆ ಜೀವಮಾನವಿಡೀ ಏಕೆ ಉಳಿಯುತ್ತದೆ, ದಿನವೂ ಮೂಗಿನ ಮುಂದೆಯೇ ಇರುವ ಮನೆಯ ವಾಸನೆ ಏಕೆ ಗಮನಕ್ಕೇ ಬರುವುದಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಈ ವಿಷಯದ ಬಹುಭಾಗ ಹೇಳಿದಂತಾಯಿತು.

ಮೂಗಿನಿಂದ ಮೆದುಳಿಗೆ

ಮೂಗಿನ ಹೊಳ್ಳೆಗಳ ಮೇಲ್ಛಾವಣಿಯಲ್ಲಿ ತೇವವಾದ ತೆಳು ಪೊರೆಯೊಂದಿದೆ. ಅದರಲ್ಲಿ ಹುದುಗಿದ ನರಕೋಶಗಳ ತುದಿಗಳ ಮೇಲೆ ವಾಸನೆಯ ಅಣುಗಳು ಬಂದು ಕೂರುವ ಗ್ರಾಹಕ ಪ್ರೋಟೀನುಗಳಿರುತ್ತವೆ. ಈ ಗ್ರಾಹಕಗಳ ಜೀನುಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಇಲಿಯಲ್ಲಿ ಪತ್ತೆ ಮಾಡಿದರು, 2004ರಲ್ಲಿ ನೊಬೆಲ್ ಪಡೆದರು. ಮನುಷ್ಯರಲ್ಲಿ ಕೆಲಸ ಮಾಡುವ ಇಂಥ ಜೀನುಗಳು ಸುಮಾರು 400, ಇಲಿಗಳಲ್ಲಿ ಸಾವಿರಕ್ಕೂ ಮೇಲೆ. ಒಂದೊಂದು ನರಕೋಶ ಒಂದೇ ಬಗೆಯ ಗ್ರಾಹಕವನ್ನು ಹೊರುತ್ತದೆ. ಪೊರೆಯಲ್ಲಿ ಚೆದುರಿಹೋಗಿದ್ದರೂ ಒಂದೇ ಬಗೆಯ ಕೋಶಗಳ ತಂತುಗಳೆಲ್ಲ ಮೆದುಳಿನ ಮುಂತುದಿಯ ಘ್ರಾಣ ಬಲ್ಬಿನಲ್ಲಿ ಗ್ಲೊಮೆರುಲಸ್ ಎಂಬ ಪುಟ್ಟ ಗಂಟುಗಳಲ್ಲಿ ಒಟ್ಟಾಗುತ್ತವೆ. ಒಂದು ವಾಸನೆ ಎಂದರೆ ಮೆದುಳಿನ ಪಾಲಿಗೆ ಇಂತಿಂಥ ಗಂಟುಗಳು ಇಂತಿಷ್ಟು ಜೋರಾಗಿ ಮಿಡಿದದ್ದು, ಅಷ್ಟೇ.

ಇಲ್ಲೊಂದು ವಿಚಿತ್ರವಿದೆ. ಮೂಗಿನ ಈ ನರಕೋಶಗಳು ಗಾಳಿ, ಧೂಳು, ರೋಗಾಣುಗಳಿಗೆ ನೇರ ಒಡ್ಡಿಕೊಂಡು ಬೇಗ ಸಾಯುತ್ತವೆ. ಒಂದೆರಡು ತಿಂಗಳಲ್ಲಿ ಹೊಸವು ಹುಟ್ಟಿ ಜಾಗ ತುಂಬುತ್ತವೆ. ಬಾಲ್ಯದಲ್ಲಿ ಮೂಸಿದ ಕೋಶಗಳಲ್ಲಿ ಒಂದೂ ಇಂದು ಉಳಿದಿಲ್ಲ, ಆದರೂ ನೆನಪು ಉಳಿದಿದೆ. ಹೊಸ ಕೋಶ ತನ್ನ ಬಗೆಯ ಹಳೆಯ ಗಂಟನ್ನೇ ಹುಡುಕಿಕೊಂಡು ಹೋಗಿ ಸೇರುವುದರಿಂದ ಇದು ಸಾಧ್ಯ. ನೆನಪಿನ ಮನೆ ಮೂಗಿನಲ್ಲಿಲ್ಲ, ಬಲ್ಬಿನಿಂದ ಮುಂದಕ್ಕಿದೆ.

ಕಣ್ಣು, ಕಿವಿ, ಚರ್ಮದ ಸುದ್ದಿಗಳು ಥಾಲಮಸ್ ಎಂಬ ಠಾಣೆಯನ್ನು ದಾಟಿಯೇ ಮೆದುಳಿನ ಹೊರಪದರಕ್ಕೆ ಹೋಗಬೇಕು. ವಾಸನೆಗೆ ಆ ಕಟ್ಟುಪಾಡಿಲ್ಲ. ಬಲ್ಬಿನಿಂದ ಹೊರಟ ತಂತುಗಳು ನೇರವಾಗಿ ವಾಸನೆಯ ಗುರುತು ಕಟ್ಟುವ ಪೈರಿಫಾರ್ಮ್ ಕಾರ್ಟೆಕ್ಸಿಗೆ, ಭಯ-ಪ್ರೀತಿಗಳ ತೂಕ ಹಾಕುವ ಅಮಿಗ್ಡಲಕ್ಕೆ, ಹಿಪೊಕ್ಯಾಂಪಸ್ಸಿನ ಹೆಬ್ಬಾಗಿಲಾದ ಎಂಟೊರೈನಲ್ ಕಾರ್ಟೆಕ್ಸಿಗೆ ಹೋಗುತ್ತವೆ. ಎಲ್ಲಿ, ಯಾವಾಗ, ಯಾರ ಜೊತೆ ಎಂಬುದನ್ನು ಹೊಸೆಯುವುದು ಹಿಪೊಕ್ಯಾಂಪಸ್. ಜನಪ್ರಿಯ ಬರಹಗಳು ಈ ಒಂದು ಅಂಗರಚನೆಯಿಂದಲೇ ವಾಸನೆಯ ನೆನಪಿನ ಶಕ್ತಿಯನ್ನೆಲ್ಲ ವಿವರಿಸಿಬಿಡುತ್ತವೆ. ದಾರಿ ಹತ್ತಿರವಾದರೆ ಸುದ್ದಿ ಬೇಗ ತಲುಪೀತು. ತಲುಪಿದ್ದು ಏಕೆ ಉಳಿಯಿತು ಎಂಬುದಕ್ಕೆ ಅದು ಉತ್ತರವಾಗದು. ಉತ್ತರದ ದೊಡ್ಡ ಭಾಗ ಸಿಕ್ಕಿದ್ದು ಬಾಳೆಹಣ್ಣಿನ ಮೇಲೆ ಮುತ್ತುವ ಪುಟ್ಟ ನೊಣದಲ್ಲಿ.

ನೊಣದ ಪಾಠ

1974ರಲ್ಲಿ ಅಮೆರಿಕದ ಸೀಮೋರ್ ಬೆಂಜರ್ ಅವರ ಪ್ರಯೋಗಶಾಲೆಯಲ್ಲಿ ವಿಲಿಯಂ ಕ್ವಿನ್ ಮತ್ತು ಸಂಗಡಿಗರು ಹಣ್ಣಿನ ನೊಣಕ್ಕೆ (ಡ್ರೊಸೊಫಿಲ) ಪಾಠ ಕಲಿಸಬಹುದೆಂದು ತೋರಿಸಿದರು. ಒಂದು ವಾಸನೆ ಹರಿಸುವಾಗ ಸಣ್ಣ ವಿದ್ಯುತ್ ಆಘಾತ ಕೊಡುವುದು, ಇನ್ನೊಂದು ವಾಸನೆ ಹರಿಸುವಾಗ ಸುಮ್ಮನಿರುವುದು. ಆಮೇಲೆ ಆಯ್ಕೆ ಕೊಟ್ಟರೆ ನೊಣಗಳು ಆಘಾತದ ವಾಸನೆಯಿಂದ ದೂರ ಸರಿಯುತ್ತವೆ. ಕಲಿಯಲಾಗದ ರೂಪಾಂತರಿ ನೊಣಗಳೂ ಸಿಕ್ಕವು. ಮೊದಲನೆಯದಕ್ಕೆ ಡನ್ಸ್ ಎಂದು ಹೆಸರಿಟ್ಟರು, ದಡ್ಡ ಎಂದರ್ಥ. ಆಮೇಲೆ ರುಟಬೇಗ ಬಂತು. ಎರಡೂ ಜೀನುಗಳು ಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವಿಗೆ ಸಂಬಂಧಿಸಿದವು: ಒಂದು ಅದನ್ನು ಒಡೆಯುತ್ತದೆ, ಇನ್ನೊಂದು ತಯಾರಿಸುತ್ತದೆ.

ಬೆಂಜರ್ ಜೊತೆ ಕೆಲಸ ಮಾಡಿದ್ದ ಒಬೈದ್ ಸಿದ್ದೀಕಿ (1932–2013) ಭಾರತದಲ್ಲಿ ಈ ದಾರಿ ಹಾಕಿದವರು. ಹೋಮಿ ಭಾಭಾ ಕರೆಯ ಮೇರೆಗೆ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ಆರಂಭಿಸಿದ ಅವರು, ವೆರೊನಿಕಾ ರಾಡ್ರಿಗ್ಸ್ (1953–2010) ಜೊತೆಗೂಡಿ 1978ರಲ್ಲಿ ಕೆಲವು ವಾಸನೆಗಳನ್ನಷ್ಟೇ ಗ್ರಹಿಸಲಾಗದ ರೂಪಾಂತರಿ ನೊಣಗಳನ್ನು ವರ್ಣಿಸಿದರು. ಬಕ್ ಮತ್ತು ಆಕ್ಸೆಲ್ ಗ್ರಾಹಕ ಜೀನುಗಳನ್ನು ಕಂಡುಹಿಡಿಯಲು ಆಗ ಇನ್ನೂ ಹದಿಮೂರು ವರ್ಷ ಬಾಕಿಯಿತ್ತು. ಬೇರೆ ಬೇರೆ ವಾಸನೆಗಳು ನೊಣದ ಮೆದುಳಿನಲ್ಲಿ ಬೇರೆ ಬೇರೆ ಗಂಟುಗಳನ್ನು ಚುರುಕುಗೊಳಿಸುತ್ತವೆ ಎಂಬುದನ್ನು 1980ರ ದಶಕದಲ್ಲೇ ಮೊದಲಾಗಿ ತೋರಿಸಿದವರಲ್ಲಿ ರಾಡ್ರಿಗ್ಸ್ ಒಬ್ಬರು. ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. 1990ರ ದಶಕದ ಆರಂಭದಲ್ಲಿ ಸಿದ್ದೀಕಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು (ಎನ್‌ಸಿಬಿಎಸ್) ಕಟ್ಟಿದರು. ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಅದು ನಿಂತಿದೆ. ಎಂಬತ್ತು ತುಂಬಿದ ಮೇಲೂ ಅವರು ನೊಣದ ಮರಿಹುಳುಗಳಿಗೆ ವಾಸನೆಯ ಪಾಠ ಹೇಳುತ್ತಿದ್ದರು.

ಇಂದು ನೊಣದ ಚಿತ್ರ ಬಹುಮಟ್ಟಿಗೆ ಪೂರ್ತಿಯಾಗಿದೆ. ಸುಮಾರು ಐವತ್ತು ಗಂಟುಗಳಿಂದ ಬಂದ ಸುದ್ದಿ ಮೆದುಳಿನ ಮಶ್ರೂಮ್ ಬಾಡಿ ಎಂಬ ಭಾಗಕ್ಕೆ ಹೋಗುತ್ತದೆ. ಅಲ್ಲಿ ಒಂದೊಂದು ಬದಿಗೂ ಸುಮಾರು 2000 ಕೆನ್ಯನ್ ಕೋಶಗಳಿವೆ. ಒಂದೊಂದು ಕೋಶವೂ ಆರೇಳು ತಂತುಗಳನ್ನಷ್ಟೇ, ಅದೂ ಹೆಚ್ಚುಕಡಿಮೆ ಮನಬಂದಂತೆ, ಆಯ್ದುಕೊಂಡಿರುತ್ತದೆ. ಒಂದು ವಾಸನೆಗೆ ಇವುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ಮಿಡಿಯುತ್ತವೆ. ಹೀಗೆ ಸ್ವಲ್ಪವೇ ಮಿಡಿಯುವುದರಿಂದ ಎರಡು ವಾಸನೆಗಳ ಗುರುತುಗಳು ಒಂದರ ಮೇಲೊಂದು ಬೀಳುವುದಿಲ್ಲ, ಒಂದನ್ನು ಕಲಿತಾಗ ಇನ್ನೊಂದು ಕೆಡುವುದಿಲ್ಲ. ಆಘಾತವೋ ಸಕ್ಕರೆಯೋ ಬಂದ ಕ್ಷಣ ಡೋಪಮೈನ್ ಸೂಸುವ ಕೋಶಗಳು ಎಚ್ಚರವಾಗುತ್ತವೆ, ಶಿಕ್ಷೆಗೊಂದು ಗುಂಪು, ಬಹುಮಾನಕ್ಕೊಂದು ಗುಂಪು. ಆ ಹೊತ್ತಿಗೆ ಮಿಡಿಯುತ್ತಿದ್ದ ಕೆನ್ಯನ್ ಕೋಶಗಳಲ್ಲಿ ಮಾತ್ರ ಸೈಕ್ಲಿಕ್ ಎಎಂಪಿ ಏರುತ್ತದೆ, ಅವುಗಳ ಮುಂದಿನ ಸಂಪರ್ಕದ ಬಲ ಬದಲಾಗುತ್ತದೆ. ನೊಣ ಈ ವಾಸನೆಯತ್ತ ಹೋಗಬೇಕೋ ಓಡಬೇಕೋ ಎಂಬ ತೀರ್ಪು ಆ ಬದಲಾವಣೆಯಲ್ಲಿದೆ. ವಾಸನೆ ಮತ್ತು ಫಲ, ಎರಡೂ ಒಂದೇ ಕೋಶದಲ್ಲಿ ಒಂದೇ ಹೊತ್ತಿಗೆ ಸಂಧಿಸಬೇಕು. ಇಲ್ಲದಿದ್ದರೆ ನೆನಪಿಲ್ಲ.

ಬಿಡುವಿನ ಲೆಕ್ಕ

ಹೀಗೆ ಹುಟ್ಟಿದ ನೆನಪು ಕೆಲವು ಗಂಟೆಗಳಲ್ಲಿ ಸವೆಯುತ್ತದೆ. ಅದನ್ನು ಉಳಿಸುವುದೇನು ಎಂಬುದನ್ನು 1994ರಲ್ಲಿ ಟಿಮ್ ಟಲ್ಲಿ ಅವರ ತಂಡ ಸ್ಪಷ್ಟಗೊಳಿಸಿತು. ಒಂದು ಗುಂಪಿನ ನೊಣಗಳಿಗೆ ಹತ್ತು ಪಾಠಗಳನ್ನು ಒಂದರ ಬೆನ್ನಿಗೊಂದು ಹೇಳಿದರು. ಇನ್ನೊಂದು ಗುಂಪಿಗೆ ಅದೇ ಹತ್ತು ಪಾಠಗಳನ್ನು ನಡುನಡುವೆ ಹದಿನೈದು ನಿಮಿಷ ಬಿಡುವು ಕೊಟ್ಟು ಹೇಳಿದರು. ಬಿಡುವು ಪಡೆದ ನೊಣಗಳ ನೆನಪು ವಾರ ಕಳೆದರೂ ಉಳಿಯಿತು. ಅದಕ್ಕೆ ಹೊಸ ಪ್ರೋಟೀನುಗಳ ತಯಾರಿ ಬೇಕೇ ಬೇಕು. ಪ್ರೋಟೀನು ತಯಾರಿಯನ್ನು ತಡೆಯುವ ಔಷಧಿ ಕೊಟ್ಟರೆ ಬಿಡುವಿನ ಲಾಭ ಅಳಿಸಿಹೋಯಿತು. ಕೋಶದ ಬೀಜಕೇಂದ್ರದಲ್ಲಿ ಈ ತಯಾರಿಗೆ ಅಪ್ಪಣೆ ಕೊಡುವ ಪ್ರೋಟೀನು ಕ್ರೆಬ್. ಜೇನುನೊಣಗಳಲ್ಲೂ ಇದೇ ಲೆಕ್ಕ: ಸಕ್ಕರೆಯ ಜೊತೆ ವಾಸನೆಯನ್ನು ಬಿಡುವು ಬಿಟ್ಟು ಮೂರು ಸಲ ತೋರಿಸಿದರೆ ದಿನಗಟ್ಟಲೆ ಮರೆಯುವುದಿಲ್ಲ.

ಬೀದರ–ಜಹೀರಾಬಾದ್ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆ ವರ್ಷಕ್ಕೊಮ್ಮೆ ಬರುತ್ತದೆ. ಹಿಂಗಾರಿ ಜೋಳ ನಿಂತ ಹೊಲಕ್ಕೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹಸಿ ತೊಗರಿ, ಕಡಲೆ, ಮೆಂತ್ಯಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿಗಳ ವಾಸನೆ ಹಸಿ ಕರಿಮಣ್ಣಿನ ವಾಸನೆಯೊಡನೆ ಬೆರೆಯುವುದು ಆ ದಿನವೇ. ಊರು ಬಿಟ್ಟು ಹೈದರಾಬಾದ್, ಪುಣೆ ಸೇರಿದವರೂ ಭಜ್ಜಿಯ ಮಾತೆತ್ತಿದರೆ ಮೂಗು ಅರಳಿಸುತ್ತಾರೆ. ನೊಣದ ಹದಿನೈದು ನಿಮಿಷಕ್ಕೂ ಮನುಷ್ಯರ ಒಂದು ವರ್ಷಕ್ಕೂ ಗಂಟು ಹಾಕುವುದು ಅವಸರವೆನಿಸಬಹುದು. ಆದರೆ ಈ ಹಬ್ಬದಲ್ಲಿ ಗಟ್ಟಿ ನೆನಪಿಗೆ ಬೇಕಾದದ್ದೆಲ್ಲ ಕೂಡಿಬರುತ್ತದೆ: ಬೇರೆ ದಿನ ಸಿಗದ ವಾಸನೆ, ಅದರ ಬೆನ್ನಿಗೇ ಹೊಟ್ಟೆ ತುಂಬುವ ಸುಖ, ಉದ್ದನೆಯ ಬಿಡುವು, ಬಿಡುವಿನ ನಂತರ ಮತ್ತದೇ. ನೆನಪು ಎಚ್ಚರಗೊಂಡಾಗ ಅದು ಕೆಲಹೊತ್ತು ಸಡಿಲಾಗಿ ಮತ್ತೆ ಬಿಗಿಯಬಲ್ಲದು ಎಂಬುದೂ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದಿದೆ.

ಹಸಿ ಮಣ್ಣಿನ ವಾಸನೆಗೆ ತನ್ನದೇ ವಿಶೇಷವಿದೆ. ಅದರ ಮುಖ್ಯ ಅಣು ಜಿಯೊಸ್ಮಿನ್, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ಮಾಡುವಂಥದು. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗದಷ್ಟು ಇದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯುತ್ತದೆ. ನಮಗೆ ಹಿತವಾದ ಇದೇ ವಾಸನೆ ಹಣ್ಣಿನ ನೊಣಕ್ಕೆ ಅಸಹ್ಯ. ಕೊಳೆತ ಹಣ್ಣಿನಲ್ಲಿ ವಿಷಕಾರಿ ಸೂಕ್ಷ್ಮಜೀವಿಗಳಿವೆಯೆಂಬ ಸೂಚನೆ ಅದು. ಜಿಯೊಸ್ಮಿನ್‌ಗೆಂದೇ ನೊಣದಲ್ಲಿ ಒಂದು ಗ್ರಾಹಕ, ಒಂದು ಗಂಟು ಮೀಸಲಿರುವುದನ್ನು 2012ರಲ್ಲಿ ಸ್ವೀಡನ್ ಮತ್ತು ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಎಂದರೆ ವಾಸನೆಯ ಇಷ್ಟಾನಿಷ್ಟವೆಲ್ಲ ಕಲಿಕೆಯಿಂದ ಬಂದದ್ದಲ್ಲ. ಕೆಲವನ್ನು ಜೀವಿ ಹುಟ್ಟುವಾಗಲೇ ಹೊತ್ತು ತಂದಿರುತ್ತದೆ. ಮನುಷ್ಯರಲ್ಲಿ ಇಂಥವು ಕಡಿಮೆ, ಕಲಿತವೇ ಹೆಚ್ಚು.

ದಿನವೂ ಇರುವ ವಾಸನೆ

ಹೆಂಡಿ ಸಾರಿಸಿದ ನೆಲ, ಕುಸುಬೆ ಎಣ್ಣೆಯ ಒಗ್ಗರಣೆ, ಕಟ್ಟಿದ ಎಮ್ಮೆ, ಇವೆಲ್ಲ ಇರುವ ಮನೆಯವರಿಗೆ ತಮ್ಮ ಮನೆಗೊಂದು ವಾಸನೆಯಿದೆ ಎಂಬುದೇ ಗೊತ್ತಿರುವುದಿಲ್ಲ. ಬಂದ ಬೀಗರಿಗೆ ಹೊಸ್ತಿಲಲ್ಲೇ ಗೊತ್ತಾಗುತ್ತದೆ. ಮೂಗು ದಣಿಯಿತು ಎಂದು ಇದನ್ನು ತಳ್ಳಿಹಾಕುವುದು ರೂಢಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಮತ್ತು ಬೆಂಗಳೂರಿನ ಎನ್‌ಸಿಬಿಎಸ್ ಕೂಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಮಣಿ ರಾಮಸ್ವಾಮಿ, ರಾಡ್ರಿಗ್ಸ್ ಮೊದಲಾದವರ ಈ ಪ್ರಯೋಗದಲ್ಲಿ ನೊಣಗಳನ್ನು ನಾಲ್ಕು ದಿನ ಒಂದೇ ವಾಸನೆಯಲ್ಲಿ ಇಟ್ಟಾಗ ಅವು ಅದನ್ನು ಲೆಕ್ಕಿಸದಾದವು. ಗ್ರಾಹಕ ಕೋಶಗಳು ದಣಿದಿರಲಿಲ್ಲ. ಆ ವಾಸನೆಗೆ ಸಂಬಂಧಪಟ್ಟ ಗಂಟುಗಳಲ್ಲಿ ಮಾತ್ರ, ಗಾಬಾ ಎಂಬ ರಾಸಾಯನಿಕದಿಂದ ಪಕ್ಕದ ಕೋಶಗಳನ್ನು ಸುಮ್ಮನಾಗಿಸುವ ನರಕೋಶಗಳು ಬಲಗೊಂಡಿದ್ದವು. ಇದಕ್ಕೂ ರುಟಬೇಗ ಜೀನು ಬೇಕು, ದೀರ್ಘಕಾಲದ ರೂಪಕ್ಕೆ ಕ್ರೆಬ್ ಕೂಡ ಬೇಕು. ಹಾಗಾಗಿ ದಿನದ ವಾಸನೆಯನ್ನು ಗಮನಿಸದಿರುವುದೂ ಒಂದು ನೆನಪೇ: ಇದರಿಂದ ಲಾಭವೂ ಇಲ್ಲ, ಕೇಡೂ ಇಲ್ಲ ಎಂದು ಮೆದುಳು ಕಲಿತಿಟ್ಟ ಪಾಠ. ಒಂದೇ ಜೀನುಗಳ ಕೈಯಲ್ಲಿ ನೆನೆಯುವ ಕೆಲಸವೂ ಕಡೆಗಣಿಸುವ ಕೆಲಸವೂ ಇರುವುದು ಈ ಕ್ಷೇತ್ರದ ಅತ್ಯಂತ ಸ್ವಾರಸ್ಯದ ಸಂಗತಿಯೆಂದು ಈ ಲೇಖಕನ ಎಣಿಕೆ.

ಇಲಿ, ಕುರಿ, ಕೂಸು

ಸಸ್ತನಿಗಳ ಪೈರಿಫಾರ್ಮ್ ಕಾರ್ಟೆಕ್ಸ್ ಮಶ್ರೂಮ್ ಬಾಡಿಯನ್ನು ಬಹಳ ಹೋಲುತ್ತದೆ: ಅಲ್ಲೂ ಮನಬಂದಂತೆ ಬಂದು ಸೇರುವ ತಂತುಗಳು, ಅಲ್ಲೂ ಒಂದು ವಾಸನೆಗೆ ಕೆಲವೇ ಕೋಶಗಳ ಮಿಡಿತ. ಕಲಿಕೆಯಲ್ಲಿ ಈ ಕೋಶಗಳ ನಡುವಿನ ಸಂಪರ್ಕಗಳೇ ಬಲಗೊಂಡು, ಮುಂದೆ ವಾಸನೆಯ ತುಣುಕಷ್ಟೇ ಸಿಕ್ಕರೂ ಇಡೀ ಗುರುತು ಮೇಲೇಳುತ್ತದೆ. ಎನ್‌ಸಿಬಿಎಸ್‌ನ ಉಪಿಂದರ್ ಭಲ್ಲಾ ಮತ್ತು ಸಂಗಡಿಗರು 2006ರಲ್ಲಿ ಇಲಿಗಳು ಎರಡು ಹೊಳ್ಳೆಗಳಿಗೆ ತಲುಪುವ ವಾಸನೆಯ ವ್ಯತ್ಯಾಸದಿಂದ, ಒಂದೆರಡು ಮೂಸುವಿಕೆಯಲ್ಲೇ, ಅದು ಎಡದ್ದೋ ಬಲದ್ದೋ ಎಂದು ಕಲಿತು ಹೇಳಬಲ್ಲವೆಂದು ತೋರಿಸಿದರು.

ನೆನಪಿಗೆ ಭಾವದ ತೂಕ ಕೂಡಿಸುವ ಅಮಿಗ್ಡಲದ ಬಗೆಗೂ ಬೆಂಗಳೂರಿನಿಂದ ಮಹತ್ವದ ಕೆಲಸ ಬಂದಿದೆ. ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮೊದಲಾದವರು 2002ರಲ್ಲಿ, ಬಹುದಿನದ ಒತ್ತಡ ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ನರಕೋಶಗಳ ಕವಲುಗಳನ್ನು ಕುಗ್ಗಿಸಿದರೆ ಅಮಿಗ್ಡಲದಲ್ಲಿ ಹಿಗ್ಗಿಸುತ್ತದೆ ಎಂದು ಕಂಡರು. ಯುದ್ಧ, ಬೆಂಕಿ ಅನಾಹುತಗಳಿಂದ ಪಾರಾದವರಿಗೆ ಡೀಸೆಲ್ಲಿನ, ಸುಟ್ಟ ರಬ್ಬರಿನ ವಾಸನೆ ಬಂದರೆ ಎಲ್ಲಿ, ಯಾವಾಗ ಎಂಬುದು ಮಸುಕಾಗಿದ್ದರೂ ಎದೆಬಡಿತ ಏರುವುದಕ್ಕೆ ಇದು ಒಂದು ಸುಳಿವು.

ಹುಟ್ಟಿದ ಹೊಸತರಲ್ಲಿ ನಿಯಮಗಳೇ ಬೇರೆ. ಕುರಿ ಈದ ಒಂದೆರಡು ಗಂಟೆಯಲ್ಲಿ ತನ್ನ ಮರಿಯ ವಾಸನೆ ಕಲಿಯುತ್ತದೆ, ಆಮೇಲೆ ಬೇರೆ ಮರಿ ಬಂದರೆ ಗುದ್ದಿ ಓಡಿಸುತ್ತದೆ. ಈಯುವಾಗ ಘ್ರಾಣ ಬಲ್ಬಿನಲ್ಲಿ ನಾರ್‌ಅಡ್ರಿನಲಿನ್ ಉಕ್ಕುವುದೇ ಈ ಕಲಿಕೆಯ ಬಾಗಿಲು ತೆರೆಯುತ್ತದೆಂದು ಕೀತ್ ಕೆಂಡ್ರಿಕ್ ಮತ್ತಿತರರ ಅಧ್ಯಯನಗಳು ಹೇಳುತ್ತವೆ. ತಬ್ಬಲಿ ಮರಿಗೆ ಸತ್ತ ಮರಿಯ ಚರ್ಮ ಹೊದಿಸಿ ತಾಯಿಕುರಿಯನ್ನು ಒಪ್ಪಿಸುವ ಕುರಿಗಾಹಿಗಳ ಉಪಾಯ ಈ ವಿಜ್ಞಾನಕ್ಕಿಂತ ಎಷ್ಟೋ ಹಳೆಯದು. ಇಲಿಮರಿಯ ಕಥೆ ಇನ್ನೂ ಕಟುವಾದದ್ದು. ಮೊದಲ ಹತ್ತು ದಿನಗಳ ಒಳಗೆ ಒಂದು ವಾಸನೆಯ ಜೊತೆ ನೋವು ಕೊಟ್ಟರೂ ಮರಿ ಆ ವಾಸನೆಯನ್ನು ಮೆಚ್ಚಿಕೊಳ್ಳುತ್ತದೆ ಎಂದು ರೆಜಿನಾ ಸಲಿವನ್ ತಂಡ 2000ದಲ್ಲಿ ವರದಿ ಮಾಡಿತು. ಆ ವಯಸ್ಸಿನಲ್ಲಿ ಅಮಿಗ್ಡಲ ಈ ಕಲಿಕೆಗೆ ಇನ್ನೂ ಇಳಿದಿರುವುದಿಲ್ಲ. ಕಣ್ಣು ಬಿಡದ ಮರಿಗೆ ತಾಯಿ ಎಂಥವಳಾದರೂ ತಾಯಿಯನ್ನು ಅಂಟಿಕೊಂಡೇ ಬದುಕಬೇಕು.

ಮನುಷ್ಯರ ಕೂಸು ಇನ್ನೂ ಮೊದಲೇ ಶುರುಮಾಡುತ್ತದೆ. ಬಸುರಿನ ಕೊನೆಯ ದಿನಗಳಲ್ಲಿ ಸೋಂಪಿನಂಥ ವಾಸನೆಯ ಆನಿಸ್ ತಿಂದ ತಾಯಂದಿರ ಮಕ್ಕಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆ ವಾಸನೆಯತ್ತ ಮುಖ ತಿರುಗಿಸುತ್ತಾರೆ, ತಿನ್ನದವರ ಮಕ್ಕಳು ತಿರುಗಿಸುವುದಿಲ್ಲ. ಇದು ಫ್ರಾನ್ಸಿನ ಬೆನುವಾ ಶಾಲ್ ತಂಡ 2000ದಲ್ಲಿ ಕಂಡ ಫಲಿತಾಂಶ. ಬೆಳ್ಳುಳ್ಳಿಯ ವಾಸನೆ ಎದೆಹಾಲಿಗೂ ಇಳಿಯುತ್ತದೆ. ಬಾಣಂತಿಗೆ ಬೆಳ್ಳುಳ್ಳಿ, ಅಜವಾನ, ಕೊಬ್ಬರಿ ಖಾರ ಹಾಕಿ ಬಡಿಸುವ ಉತ್ತರ ಕರ್ನಾಟಕದ, ಗಡಿಸೀಮೆಯ ಮನೆಗಳಲ್ಲಿ ಕೂಸಿನ ಅಡುಗೆಮನೆ ಪರಿಚಯ ಅನ್ನಪ್ರಾಶನಕ್ಕೆ ಎಷ್ಟೋ ಮೊದಲೇ ನಡೆದಿರುತ್ತದೆ.

ಎಷ್ಟು ನಂಬಬಹುದು?

ಮಾರ್ಸೆಲ್ ಪ್ರೂಸ್ತ್ 1913ರ ಕಾದಂಬರಿಯಲ್ಲಿ ಚಹಾದಲ್ಲಿ ಅದ್ದಿದ ಕೇಕಿನಿಂದ ಬಾಲ್ಯ ಮರಳಿದ್ದನ್ನು ಬರೆದಾಗಿನಿಂದ, ವಾಸನೆಯ ನೆನಪು ಎಲ್ಲಕ್ಕಿಂತ ಬಲವಾದದ್ದು ಎಂಬ ಮಾತು ನಿಂತುಬಿಟ್ಟಿದೆ. ಪ್ರಯೋಗಗಳು ಇದನ್ನು ಅರ್ಧ ಮಾತ್ರ ಒಪ್ಪುತ್ತವೆ. ಟ್ರಿಗ್ ಎಂಗೆನ್ ಮತ್ತು ಬ್ರೂಸ್ ರಾಸ್ 1973ರಲ್ಲಿ ಪ್ರಯೋಗಶಾಲೆಯಲ್ಲಿ ಮೂಸಿಸಿದ ವಾಸನೆಗಳನ್ನು ಜನ ಆಗಲೇ ಗುರುತಿಸಿದ್ದು ನೂರಕ್ಕೆ ಸುಮಾರು 70. ಚಿತ್ರಗಳನ್ನು ಇದಕ್ಕಿಂತ ಎಷ್ಟೋ ಚೆನ್ನಾಗಿ ಗುರುತಿಸುತ್ತೇವೆ. ಆದರೆ ಚಿತ್ರಗಳ ಗುರುತು ತಿಂಗಳುಗಳಲ್ಲಿ ಕುಸಿಯುತ್ತದೆ, ವಾಸನೆಗಳದ್ದು ವರ್ಷ ಕಳೆದರೂ ಹೆಚ್ಚೇನೂ ಇಳಿಯಲಿಲ್ಲ. ಒಳಹೋಗುವುದು ಕಷ್ಟ, ಹೋದದ್ದು ಹೊರಬರುವುದೂ ಕಷ್ಟ. ಮೊದಲ ನಂಟಿಗೆ ಇಲ್ಲಿ ಹಿರಿತನ: ಒಂದು ವಸ್ತುವಿಗೆ ಮೊದಲು ಅಂಟಿದ ವಾಸನೆ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ವಾರ ಕಳೆದ ಮೇಲೂ ಹಿಪೊಕ್ಯಾಂಪಸ್ಸಿನಲ್ಲಿ ಪ್ರತ್ಯೇಕ ಗುರುತು ಉಳಿಸುತ್ತದೆ ಎಂದು ಇಸ್ರೇಲಿನ ಯಾರಾ ಯೆಶುರುನ್, ನೋಮ್ ಸೋಬೆಲ್ ತಂಡ 2009ರಲ್ಲಿ ತೋರಿಸಿತು. ಎರಡನೆಯದು ಬಂದರೂ ಮೊದಲನೆಯದು ಜಾಗ ಬಿಡದು.

ವಾಸನೆ ಎಬ್ಬಿಸುವ ಆತ್ಮಚರಿತ್ರೆಯ ನೆನಪುಗಳು ಬಹುಪಾಲು ಹತ್ತು ವರ್ಷದೊಳಗಿನವು. ಮಾತು, ಚಿತ್ರಗಳು ಎಬ್ಬಿಸುವವು ಹರೆಯದ ಕಾಲದವು. ಸೈಮನ್ ಚು ಮತ್ತು ಜಾನ್ ಡೌನ್ಸ್ 2000ದಲ್ಲಿ ಕಂಡ ಈ ವ್ಯತ್ಯಾಸವನ್ನು ಆಮೇಲೆ ಸ್ವೀಡನ್ನಿನ ಸಂಶೋಧಕರೂ ಖಚಿತಪಡಿಸಿದರು. ರೇಚಲ್ ಹರ್ಜ್ ಅವರ ಅಧ್ಯಯನಗಳ ಪ್ರಕಾರ ಇಂಥ ನೆನಪುಗಳಲ್ಲಿ ಭಾವ ಹೆಚ್ಚು, ಅಲ್ಲಿಗೇ ಹೋಗಿ ನಿಂತಂತೆ ಅನಿಸುವುದೂ ಹೆಚ್ಚು. ವಿವರಗಳ ನಿಖರತೆ ಮಾತ್ರ ಹೆಚ್ಚಲ್ಲ. ಅಜ್ಜಿಯ ಕಾಳಿನ ಗುಮ್ಮಿಯ ವಾಸನೆ ಅಜ್ಜಿಯನ್ನು ಎದುರು ತಂದು ನಿಲ್ಲಿಸೀತು, ಅಂದು ಅವಳು ಉಟ್ಟ ಸೀರೆಯ ಬಣ್ಣದ ವಿಷಯದಲ್ಲಿ ಅದನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಕಳೆದುಕೊಂಡಾಗ

ಆಲ್‌ಜೈಮರ್ ಕಾಯಿಲೆ ಮೊದಲು ಕೈಹಾಕುವ ಜಾಗಗಳಲ್ಲಿ ಎಂಟೊರೈನಲ್ ಕಾರ್ಟೆಕ್ಸ್ ಒಂದು. ಹಾಗಾಗಿ ಮರೆವು ಎದ್ದು ಕಾಣುವ ಮೊದಲೇ ಪರಿಚಿತ ವಾಸನೆಗಳನ್ನು ಗುರುತಿಸುವ ಶಕ್ತಿ ಕುಂದುತ್ತದೆ. ವಾಸನೆ ಬರುತ್ತದೆ, ಅದು ಯಾವುದೆಂದು ತಿಳಿಯದು. 2020ರಿಂದ ಕೋವಿಡ್ ತಂದದ್ದು ಬೇರೆ ಬಗೆಯ ನಷ್ಟ. ವೈರಸ್ಸು ಮುಖ್ಯವಾಗಿ ಹೊಕ್ಕಿದ್ದು ಮೂಗಿನ ಪೊರೆಯಲ್ಲಿ ನರಕೋಶಗಳಿಗೆ ಆಸರೆಯಾದ ಕೋಶಗಳನ್ನು. ಬಹುಪಾಲು ಜನರಿಗೆ ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ಮರಳಿದ್ದು ಅಡ್ಡಾದಿಡ್ಡಿಯಾಗಿ: ಕಾಫಿ, ಈರುಳ್ಳಿ, ಹುರಿದ ಮಾಂಸ ಎಲ್ಲವೂ ಸುಟ್ಟ ಕಸದ ನಾತವಾಗಿ. ಇಂಥವರಿಗೆ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮ್ಮೆಲ್ 2009ರಲ್ಲಿ ಪ್ರಕಟಿಸಿದ ಅಭ್ಯಾಸವನ್ನು ವೈದ್ಯರು ಸೂಚಿಸುತ್ತಾರೆ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ, ಕೆಲವು ಸೆಕೆಂಡು, ಮನಸ್ಸಿಟ್ಟು ಮೂಸಬೇಕು. ಹನ್ನೆರಡು ವಾರ ಬಿಡದೆ ಮಾಡಿದರೆ ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ಸುಧಾರಣೆ ಕಾಣುತ್ತದೆ.